ಟರ್ಮಿನಲ್‌ನಲ್ಲಿ ಸರಿ, ಗಿಟ್ ಜಿಯುಐನಲ್ಲಿ ಇಲ್ಲ: ಫೋಲ್ಡರ್ ಪಾತ್ ಎಲ್ಲಿ ಕೈಕೊಟ್ಟಿತು ಅಂತ ಹುಡುಕುವ ಬಗೆ

ತೊಂದರೆ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ. ಗಿಟ್ (ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಪ್ರೋಗ್ರಾಂ) ಬಳಸಲು ಯಾವುದೋ ಒಂದು ಜಿಯುಐ, ಅಂದರೆ ಬಟನ್ ಒತ್ತಿ ಕೆಲಸ ಮಾಡುವ ಕಿಟಕಿಯ ಪ್ರೋಗ್ರಾಂ, ಹಾಕಿಕೊಂಡಿದ್ದೀರಿ. ಅದರ ಸೆಟ್ಟಿಂಗ್ಸ್‌ನಲ್ಲಿ ಒಂದು ಪಾತ್, ಅಂದರೆ ಫೋಲ್ಡರ್ ಅಥವಾ ಫೈಲ್‌ನ ವಿಳಾಸ, ಕೊಟ್ಟಿದ್ದೀರಿ. ಹುಕ್‌ಗಳ (ಕಮಿಟ್‌ನಂಥ ಕೆಲಸದ ಹೊತ್ತಿಗೆ, ಅಂದರೆ ಬದಲಾವಣೆ ದಾಖಲಿಸುವಾಗ, ಗಿಟ್ ತಾನೇ ಓಡಿಸುವ ಸ್ಕ್ರಿಪ್ಟ್‌ಗಳ) ಫೋಲ್ಡರ್ ಇರಬಹುದು, ಎಲ್ಲ ರೆಪೊಗಳಿಗೂ (ಗಿಟ್ ನೋಡಿಕೊಳ್ಳುವ ಪ್ರಾಜೆಕ್ಟ್ ಫೋಲ್ಡರ್‌ಗಳಿಗೂ) ಸೇರಿ ಒಂದೇ ಇಗ್ನೋರ್ ಫೈಲ್ (ಗಿಟ್ ಗಮನಿಸಬಾರದ ಫೈಲ್‌ಗಳ ಪಟ್ಟಿ) ಇರಬಹುದು, ಕಮಿಟ್ ಸಂದೇಶದ ಟೆಂಪ್ಲೇಟ್ ಅಥವಾ ಡಿಫ್ (ಫೈಲ್‌ನ ಎರಡು ರೂಪಗಳ ವ್ಯತ್ಯಾಸ) ತೋರಿಸುವ ಟೂಲ್ ಇರಬಹುದು. ಸೇವ್ ಒತ್ತಿದಾಗ ಯಾವ ತಕರಾರೂ ಬರಲಿಲ್ಲ. ಮತ್ತೆ ತೆರೆದು ನೋಡಿದರೆ ಪಾತ್ ಬಾಕ್ಸ್‌ನಲ್ಲಿ ಹಾಗೇ ಕೂತಿದೆ. ಫೋಲ್ಡರ್ ಕೂಡ ಡಿಸ್ಕ್‌ನಲ್ಲಿ ಇದೆ. ಆದರೂ ಹುಕ್ ಓಡುವುದಿಲ್ಲ, ಇಗ್ನೋರ್ ಆಗಬೇಕಾದ ಫೈಲ್‌ಗಳು ಪಟ್ಟಿಯಲ್ಲಿ ಬಂದು ಕೂರುತ್ತವೆ. ಅದೇ ಕೆಲಸ ಟರ್ಮಿನಲ್‌ನಲ್ಲಿ ಮಾಡಿದರೆ ಸಲೀಸಾಗಿ ಆಗುತ್ತದೆ!

ಇಂಥ ಹೊತ್ತಲ್ಲಿ ನಾವೆಲ್ಲ ಪಾತನ್ನೇ ತಿದ್ದುತ್ತಾ ಕೂರುತ್ತೇವೆ. ಸ್ಲ್ಯಾಶನ್ನು ಆ ಕಡೆ ಈ ಕಡೆ ತಿರುಗಿಸುವುದು, ಕೊನೆಗೊಂದು ಸ್ಲ್ಯಾಶ್ ಸೇರಿಸಿ ನೋಡುವುದು, ಆಮೇಲೆ ತೆಗೆಯುವುದು, ಅರ್ಧ ಗಂಟೆ ಆದ ಮೇಲೆ ಜಿಯುಐಯನ್ನೇ ಅನ್‌ಇನ್‌ಸ್ಟಾಲ್ ಮಾಡುವುದು. ಅದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಸಾಲನ್ನು ಓದುವವರು ಯಾರು? ಬಾಕ್ಸ್‌ನಲ್ಲಿ ಬರೆದ ಪಾತನ್ನು ಜಿಯುಐ ತಾನೇ ಓದಬಹುದು. ಗಿಟ್ ಓದಬಹುದು. ಗಿಟ್ ಅದನ್ನು ಶೆಲ್‌ಗೆ (ಟರ್ಮಿನಲ್‌ನಲ್ಲಿ ಬರೆದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂಗೆ) ದಾಟಿಸಿ ಶೆಲ್ ಓದಬಹುದು. ಇಲ್ಲವೇ ಯಾರೂ ಬಿಡಿಸಿ ನೋಡದೆ ನೇರವಾಗಿ ಆಪರೇಟಿಂಗ್ ಸಿಸ್ಟಂ ಮುಂದೆ ಇಡಬಹುದು. ನಾಲ್ವರಿಗೂ ನಾಲ್ಕು ರೂಲ್ಸ್. ಟಿಲ್ಡೆ (~), ಬ್ಯಾಕ್‌ಸ್ಲ್ಯಾಶ್ (\), ಸ್ಪೇಸ್, ಡಾಲರ್ ಚಿಹ್ನೆ, ಎಲ್ಲಕ್ಕೂ ಅವರವರ ಲೆಕ್ಕದಲ್ಲಿ ಬೇರೆ ಅರ್ಥ.

ಇನ್ನೊಂದು ಮಾತು. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ನನ್ನದೇ ಒಂದು ಎಡವಟ್ಟು

ಒಂದು ಜಿಯುಐನಲ್ಲಿ ಹುಕ್‌ಗಳ ಫೋಲ್ಡರ್ ಕೇಳುವ ಬಾಕ್ಸ್ ಇತ್ತು. ನಾನು ಎಂದಿನಂತೆ ~/ಹುಕ್ಸ್ ಅಂತ ಬರೆದೆ. ಟರ್ಮಿನಲ್‌ನಲ್ಲಿ ಹಗಲೂ ರಾತ್ರಿ ಅದನ್ನೇ ಬರೆಯುವುದು ತಾನೆ, ಕೈ ತಾನಾಗೇ ಹೋಗುತ್ತದೆ. ಹುಕ್ ಓಡಲಿಲ್ಲ. ಒಂದಷ್ಟು ಹೊತ್ತು ತಲೆ ಕೆರೆದುಕೊಂಡ ಮೇಲೆ ಚೇಂಜಸ್ ಪಟ್ಟಿ ನೋಡಿದೆ. ಅಲ್ಲಿ ಹೊಸದೊಂದು ಫೋಲ್ಡರ್ ಬಂದಿತ್ತು. ಅದರ ಹೆಸರು ಬರೀ ~ ಅಷ್ಟೇ. ಒಳಗೆ ಹುಕ್ಸ್ ಅನ್ನುವ ಇನ್ನೊಂದು ಫೋಲ್ಡರ್, ಅದರಲ್ಲಿ ಜಿಯುಐ ತಾನೇ ಹಾಕಿದ ಒಂದು ಮಾದರಿ ಫೈಲ್.

ಆಗಿದ್ದು ಇಷ್ಟು. ಟಿಲ್ಡೆ ಅಂದರೆ ಹೋಮ್ ಫೋಲ್ಡರ್ (ನಿಮ್ಮ ಸ್ವಂತ ಫೈಲ್‌ಗಳ ಫೋಲ್ಡರ್) ಅಂತ ಬಿಡಿಸುವುದು ಶೆಲ್ ಮಾಡುವ ಕೆಲಸ. ಆಪರೇಟಿಂಗ್ ಸಿಸ್ಟಂಗೆ ~ ಅಂದರೆ ಬೇರೆಲ್ಲ ಅಕ್ಷರಗಳ ಹಾಗೆ ಒಂದು ಅಕ್ಷರ. ಆ ಜಿಯುಐ ನಾನು ಕೊಟ್ಟಿದ್ದನ್ನು ಗಿಟ್‌ಗೂ ಕೊಡದೆ ಶೆಲ್‌ಗೂ ಕೊಡದೆ ತನ್ನದೇ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಇಟ್ಟುಕೊಂಡು, ರೆಪೊ ಫೋಲ್ಡರ್‌ನಲ್ಲಿ ನಿಂತು, ಆ ಹೆಸರಿನ ಫೋಲ್ಡರ್ ಇಲ್ಲವಲ್ಲ ಅಂತ ನನಗೆ ಉಪಕಾರ ಮಾಡಲು ಹೊಸದೊಂದನ್ನು ಮಾಡಿಕೊಟ್ಟಿತ್ತು.

ಇಂಥ ಫೋಲ್ಡರ್ ನಿಮ್ಮಲ್ಲೂ ಕಂಡರೆ ದಯವಿಟ್ಟು ಜೋಪಾನ. ಅಳಿಸಲು ಟರ್ಮಿನಲ್‌ಗೆ ಹೋಗಿ ಆರ್‌ಎಂ -ಆರ್‌ಎಫ್ ~ ಅಂತ ಹೊಡೆದರೆ ಶೆಲ್ ಅದನ್ನು ನಿಮ್ಮ ಇಡೀ ಹೋಮ್ ಫೋಲ್ಡರ್ ಅಂತ ಬಿಡಿಸುತ್ತದೆ, ಆಮೇಲೆ ಅಳಲು ಕೂಡ ಫೈಲ್ ಉಳಿದಿರುವುದಿಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಮೌಸ್ ಹಿಡಿದು ಅಳಿಸಿ. ಟರ್ಮಿನಲ್ಲೇ ಬೇಕು ಅಂದರೆ ./~ ಅಂತ ಬರೆಯಿರಿ, ಮುಂದೆ ಡಾಟ್-ಸ್ಲ್ಯಾಶ್ ಇದ್ದರೆ ಶೆಲ್ ಬಿಡಿಸುವುದಿಲ್ಲ.

ಗಿಟ್‌ಗೆ ಏನು ಕಾಣುತ್ತಿದೆ?

ಜಿಯುಐ ಬಾಕ್ಸ್‌ನಲ್ಲಿ ಏನಿದೆ ಅನ್ನುವುದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ರೆಪೊ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು ಇದನ್ನು ಓಡಿಸಿ:

ಗಿಟ್ ಕಾನ್ಫಿಗ್ --ಶೋ-ಸ್ಕೋಪ್ --ಶೋ-ಒರಿಜಿನ್ --ಗೆಟ್-ಆಲ್ ಕೋರ್.ಹುಕ್ಸ್‌ಪಾತ್

ಹುಕ್ ಬದಲು ಇಗ್ನೋರ್ ಫೈಲ್ ತೊಂದರೆ ಇದ್ದರೆ ಕೊನೆಯಲ್ಲಿ ಕೋರ್.ಎಕ್ಸ್‌ಕ್ಲೂಡ್ಸ್‌ಫೈಲ್, ಟೆಂಪ್ಲೇಟ್ ಆದರೆ ಕಮಿಟ್.ಟೆಂಪ್ಲೇಟ್. ಉತ್ತರದಲ್ಲಿ ಪ್ರತಿ ಸಾಲಿನಲ್ಲೂ ಮೂರು ಸಂಗತಿ ಇರುತ್ತವೆ. ಯಾವ ಮಟ್ಟದ ಸೆಟ್ಟಿಂಗ್, ಯಾವ ಫೈಲ್‌ನಿಂದ ಬಂತು, ಬೆಲೆ (ವ್ಯಾಲ್ಯೂ, ಅಂದರೆ ಅಲ್ಲಿ ಬರೆದಿರುವುದು) ಏನು. ಗಿಟ್ ಮೊದಲು ಸಿಸ್ಟಂ ಮಟ್ಟದ್ದು (ಕಂಪ್ಯೂಟರ್‌ನ ಎಲ್ಲ ಬಳಕೆದಾರರಿಗೆ) ಓದುತ್ತದೆ, ಆಮೇಲೆ ಗ್ಲೋಬಲ್ (ನಿಮ್ಮ ಎಲ್ಲ ರೆಪೊಗಳಿಗೆ), ಆಮೇಲೆ ಲೋಕಲ್ (ಆ ಒಂದು ರೆಪೊಗೆ). ಇಂಥ ಒಂಟಿ ಬೆಲೆಯ ಸೆಟ್ಟಿಂಗ್‌ಗಳಲ್ಲಿ ಕೊನೆಗೆ ಓದಿದ್ದೇ ಗೆಲ್ಲುತ್ತದೆ. ಎರಡು ಸಾಲು ಬಂದರೆ ಕೆಳಗಿನದು ಲೆಕ್ಕ.

ಮೂರು ತರಹದ ಉತ್ತರ ಬರಬಹುದು. ಏನೂ ಬರಲಿಲ್ಲ ಅಂದರೆ ಜಿಯುಐ ನಿಮ್ಮ ಪಾತನ್ನು ಗಿಟ್‌ಗೆ ಹೇಳಿಯೇ ಇಲ್ಲ, ತನ್ನ ಖಾಸಗಿ ಸೆಟ್ಟಿಂಗ್ಸ್‌ನಲ್ಲಿ ಇಟ್ಟುಕೊಂಡಿದೆ, ನನ್ನ ಕಥೆಯಲ್ಲಿ ಆದ ಹಾಗೆ. ನೀವು ಕೊಟ್ಟದ್ದಲ್ಲದೆ ಬೇರೆಯದು ಬಂದರೆ ಇನ್ನೊಂದು ಮಟ್ಟದಲ್ಲಿ ಯಾರೋ ಅದನ್ನು ಮೇಲೆ ಬರೆದಿದ್ದಾರೆ. ಹುಕ್ ನೋಡಿಕೊಳ್ಳುವ ಪ್ಯಾಕೇಜ್‌ಗಳು ಇನ್‌ಸ್ಟಾಲ್ ಆಗುವಾಗ ರೆಪೊದ ಲೋಕಲ್ ಕಾನ್ಫಿಗ್‌ನಲ್ಲಿ ಕೋರ್.ಹುಕ್ಸ್‌ಪಾತ್ ಹಾಕಿ ಹೋಗುವುದು ಮಾಮೂಲು, ನಿಮ್ಮ ಗ್ಲೋಬಲ್ ಸೆಟ್ಟಿಂಗ್ ಸುಮ್ನೆ ಕೂತಿರುತ್ತದೆ. ಮೂರನೆಯದು, ಸರಿಯಾದ ಬೆಲೆಯೇ ಬಂದು ಆದರೂ ಜಿಯುಐನಲ್ಲಿ ಕೆಲಸ ಆಗದಿರುವುದು. ಜಾಸ್ತಿ ಸತಾಯಿಸುವುದು ಇದೇ, ಇದಕ್ಕೆ ಮುಂದೆ ಬರುತ್ತೇನೆ.

ಬೆಲೆ ನೋಡಿದ ಮೇಲೆ, ಗಿಟ್ ಅದನ್ನು ಬಿಡಿಸಿದಾಗ ಏನಾಯಿತು ಅಂತಲೂ ನೋಡಿ:

ಗಿಟ್ ರೆವ್-ಪಾರ್ಸ್ --ಗಿಟ್-ಪಾತ್ ಹುಕ್ಸ್

ಗಿಟ್ ನಿಜವಾಗಿ ಯಾವ ಫೋಲ್ಡರ್‌ನಲ್ಲಿ ಹುಕ್ ಹುಡುಕುತ್ತದೋ ಅದನ್ನೇ ಇದು ಮುದ್ರಿಸುತ್ತದೆ. ಇಗ್ನೋರ್‌ಗೆ ಗಿಟ್ ಚೆಕ್-ಇಗ್ನೋರ್ -ವಿ ಅಂತ ಬರೆದು ಮುಂದೆ ಫೈಲ್ ಹೆಸರು ಕೊಡಿ. ಯಾವ ಇಗ್ನೋರ್ ಫೈಲ್‌ನ ಎಷ್ಟನೇ ಸಾಲಿನಿಂದ ಅದು ಮರೆಯಾಯಿತು ಅಂತ ಹೇಳುತ್ತದೆ. ಉತ್ತರ ಖಾಲಿ ಬಂದರೆ ಯಾವ ಸಾಲೂ ಅದಕ್ಕೆ ತಾಗಲಿಲ್ಲ, ಅಥವಾ ಆ ಫೈಲ್ ಆಗಲೇ ಟ್ರ್ಯಾಕ್ ಆಗುತ್ತಿದೆ (ಗಿಟ್ ಅದರ ಲೆಕ್ಕ ಇಡುತ್ತಿದೆ). ಟ್ರ್ಯಾಕ್ ಆಗುತ್ತಿರುವ ಫೈಲನ್ನು ಯಾವ ಇಗ್ನೋರ್ ಪಾತ್ ಕೊಟ್ಟರೂ ಗಿಟ್ ಬಿಡುವುದಿಲ್ಲ, ಪಾತ್ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ.

ಐಕಾನ್ ಒತ್ತಿದರೆ ಬೇರೆ, ಟರ್ಮಿನಲ್‌ನಿಂದ ಶುರು ಮಾಡಿದರೆ ಬೇರೆ

ನನ್ನ ಅನುಭವದಲ್ಲಿ ಒಂದೇ ಏಟಿಗೆ ಅರ್ಧ ಕಾಡು ಕಡಿಯುವ ಪರೀಕ್ಷೆ ಇದು. ಜಿಯುಐಯನ್ನು ಪೂರ್ತಿ ಮುಚ್ಚಿ. ಕಿಟಕಿ ಮುಚ್ಚಿದರೆ ಸಾಲದು, ಕೆಲವು ಟಾಸ್ಕ್‌ಬಾರ್‌ನ ಮೂಲೆಯಲ್ಲಿ ಅಡಗಿ ಕೂತಿರುತ್ತವೆ, ಅಲ್ಲಿಂದಲೂ ಕ್ವಿಟ್ ಮಾಡಿ. ಆಮೇಲೆ ಟರ್ಮಿನಲ್ ತೆರೆದು ಅದೇ ಪ್ರೋಗ್ರಾಂ ಅನ್ನು ಕಮಾಂಡ್ ಆಗಿ ಶುರು ಮಾಡಿ. ಹಳೆಯದು ಇನ್ನೂ ಓಡುತ್ತಿದ್ದರೆ ಅದೇ ಕಿಟಕಿ ಮುಂದೆ ಬರುತ್ತದೆ ಅಷ್ಟೇ, ಪರೀಕ್ಷೆ ಆಗುವುದಿಲ್ಲ. ಈಗ ಹುಕ್ ಓಡಿತೇ? ಹಾಗಾದರೆ ನಿಮ್ಮ ಪಾತ್‌ನಲ್ಲಿ ಯಾವ ದೋಷವೂ ಇಲ್ಲ. ಐಕಾನ್ ಒತ್ತಿ ಶುರುವಾದಾಗ ಆ ಪ್ರೋಗ್ರಾಂಗೆ ಸಿಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು (ಶುರುವಾಗುವಾಗ ಪ್ರೋಗ್ರಾಂ ಕೈಗೆ ಬರುವ ಹೆಸರು-ಬೆಲೆಗಳ ಪಟ್ಟಿ) ಬೇರೆ, ಟರ್ಮಿನಲ್‌ನಿಂದ ಸಿಗುವವು ಬೇರೆ.

ಮ್ಯಾಕ್‌ನಲ್ಲಿ ಇದು ಎದ್ದು ಕಾಣುತ್ತದೆ. ಡಾಕ್‌ನಿಂದ ತೆರೆದ ಆ್ಯಪ್ ನಿಮ್ಮ .ಝೆಡ್‌ಎಸ್‌ಎಚ್‌ಆರ್‌ಸಿ ಫೈಲನ್ನು (ಶೆಲ್ ಶುರುವಾಗುವಾಗ ಓದುವ ಸೆಟ್ಟಿಂಗ್ಸ್) ಓದುವುದೇ ಇಲ್ಲ. ಅದಕ್ಕೆ ಸಿಗುವ ಪಾತ್ ವೇರಿಯಬಲ್‌ನಲ್ಲಿ, ಅಂದರೆ ಕಮಾಂಡ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕು ಅನ್ನುವ ಫೋಲ್ಡರ್‌ಗಳ ಪಟ್ಟಿಯಲ್ಲಿ, /ಯುಎಸ್‌ಆರ್/ಬಿನ್, /ಬಿನ್ ತರಹದ ನಾಲ್ಕು ಮೂಲ ಫೋಲ್ಡರ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಹೋಮ್‌ಬ್ರೂ (ಮ್ಯಾಕ್‌ಗೆ ಟೂಲ್‌ಗಳನ್ನು ಹಾಕಿಕೊಡುವ ಪ್ರೋಗ್ರಾಂ) ಹಾಕಿದ ಟೂಲ್‌ಗಳು ಆ್ಯಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ /ಆಪ್ಟ್/ಹೋಮ್‌ಬ್ರೂ/ಬಿನ್‌ನಲ್ಲಿ ಇರುತ್ತವೆ, ಆ ಹೆಸರು ಪಟ್ಟಿಯಲ್ಲೇ ಇಲ್ಲ. ಪರಿಣಾಮವಾಗಿ ಹುಕ್ ಸಿಗುತ್ತದೆ, ಓಡಲು ಶುರುವಾಗುತ್ತದೆ, ಎರಡನೇ ಸಾಲಿನಲ್ಲಿ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಎಲ್ಲಿ ಅಂತ ಹುಡುಕಿ ಸಿಗದೆ ಬೀಳುತ್ತದೆ. ಜಿಯುಐ ಮಾತ್ರ "ಕಮಿಟ್ ವಿಫಲ" ಅಂತ ಒಂದೇ ಸಾಲು ತೋರಿಸಿ ಕೈ ತೊಳೆದುಕೊಳ್ಳುತ್ತದೆ, ನೀವು ಹುಕ್‌ಗಳ ಫೋಲ್ಡರ್ ಪಾತನ್ನು ಅನುಮಾನಿಸುತ್ತೀರಿ. ಇದಕ್ಕೆ ನಾನು ಕಂಡುಕೊಂಡ ನೆಟ್ಟಗಿನ ದಾರಿ ಹುಕ್ ಫೈಲ್‌ನ ತಲೆಯಲ್ಲೇ ಬೇಕಾದ ಫೋಲ್ಡರ್‌ಗಳನ್ನು ಪಾತ್ ವೇರಿಯಬಲ್‌ಗೆ ಸೇರಿಸುವುದು. ಯಾರು ಎಲ್ಲಿಂದ ಓಡಿಸಿದರೂ ನಡೆಯುತ್ತದೆ.

ಲಿನಕ್ಸ್‌ನಲ್ಲೂ ಇದೇ ಕಥೆ, .ಬ್ಯಾಶ್‌ಆರ್‌ಸಿಯಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದು ಡೆಸ್ಕ್‌ಟಾಪ್ ಐಕಾನ್‌ಗೆ ತಲುಪುವುದಿಲ್ಲ. ಫ್ಲ್ಯಾಟ್‌ಪ್ಯಾಕ್ ಅಥವಾ ಸ್ನ್ಯಾಪ್ (ಆ್ಯಪನ್ನು ಉಳಿದ ಸಿಸ್ಟಂನಿಂದ ಬೇರ್ಪಡಿಸಿ ಓಡಿಸುವ ಪ್ಯಾಕೇಜ್) ಆಗಿ ಹಾಕಿದ ಜಿಯುಐ ಆದರೆ ಇನ್ನೊಂದು ಪದರ ಸೇರುತ್ತದೆ. ಫ್ಲ್ಯಾಟ್‌ಪ್ಯಾಕ್ ತನ್ನ ಆ್ಯಪ್‌ಗೆ ಕಾನ್ಫಿಗ್ ಫೋಲ್ಡರ್ ಅಂತ ~/.ವಾರ್/ಆ್ಯಪ್ ಒಳಗಿನ ಒಂದು ಜಾಗ ತೋರಿಸುತ್ತದೆ. ನೀವು ~/.ಕಾನ್ಫಿಗ್/ಗಿಟ್/ಕಾನ್ಫಿಗ್‌ನಲ್ಲಿ ಜತನವಾಗಿ ಬರೆದಿಟ್ಟದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಬಿಗಿಯಾಗಿ ಕಟ್ಟಿಹಾಕಿದ ಸ್ನ್ಯಾಪ್‌ಗಳಲ್ಲಿ ಹೋಮ್ ಅನ್ನುವುದೇ ಬೇರೆ ಫೋಲ್ಡರ್.

ವಿಂಡೋಸ್‌ನಲ್ಲಿ ಹೋಮ್ ಎಲ್ಲಿದೆ ಅನ್ನುವುದೇ ಒಂದು ತಮಾಷೆ. ಗಿಟ್ ಫಾರ್ ವಿಂಡೋಸ್ ಮೊದಲು ಹೋಮ್ ವೇರಿಯಬಲ್ ನೋಡುತ್ತದೆ. ಅದಿಲ್ಲದಿದ್ದರೆ ಹೋಮ್‌ಡ್ರೈವ್, ಹೋಮ್‌ಪಾತ್ ಎರಡನ್ನೂ ಅಂಟಿಸಿ ಆ ಫೋಲ್ಡರ್ ಇದೆಯಾ ಅಂತ ನೋಡುತ್ತದೆ. ಇಲ್ಲ ಅಂದರೆ ಯೂಸರ್‌ಪ್ರೊಫೈಲ್. ಆಫೀಸಿನ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಹೋಮ್‌ಡ್ರೈವ್ ಅಂದರೆ ನೆಟ್‌ವರ್ಕ್ ಡ್ರೈವ್. ನೆಟ್‌ವರ್ಕ್ ಇದ್ದಾಗ ಒಂದು .ಗಿಟ್‌ಕಾನ್ಫಿಗ್, ಮನೆಯಿಂದ ಕೆಲಸ ಮಾಡಿದಾಗ ಇನ್ನೊಂದು! ಹೋದ ವಾರ ಇದ್ದ ಸೆಟ್ಟಿಂಗ್ ಈಗ ಇಲ್ಲ, ಮತ್ತೆ ಸೋಮವಾರ ತಾನೇ ವಾಪಸ್ ಬಂತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇದನ್ನೇ. ಹೋಮ್ ವೇರಿಯಬಲನ್ನು ನೀವೇ ಗಟ್ಟಿಯಾಗಿ ಸೆಟ್ ಮಾಡಿದರೆ ಈ ಆಟ ನಿಲ್ಲುತ್ತದೆ. ಮಾಡಿದ ಮೇಲೆ ಜಿಯುಐ ಮುಚ್ಚಿ ತೆರೆಯುವುದು ಮರೆಯಬೇಡಿ, ಆಗಲೇ ಓಡುತ್ತಿರುವ ಪ್ರೋಗ್ರಾಂಗೆ ಹೊಸ ವೇರಿಯಬಲ್ ಗೊತ್ತಾಗುವುದಿಲ್ಲ.

ಜಿಯುಐ ಯಾವ ಗಿಟ್ ಬಳಸುತ್ತಿದೆ?

ಗಿಟ್‌ಹಬ್ ಡೆಸ್ಕ್‌ಟಾಪ್ ತನ್ನ ಜೊತೆಗೇ ಒಂದು ಗಿಟ್ ಹೊತ್ತು ತರುತ್ತದೆ. ಸೋರ್ಸ್‌ಟ್ರೀಯಲ್ಲಿ ಒಳಗಿನದು ಬೇಕೋ ಸಿಸ್ಟಂನದು ಬೇಕೋ ಅಂತ ಆರಿಸಬಹುದು. ಟಾರ್ಟಾಯ್ಸ್‌ಗಿಟ್‌ನಲ್ಲಿ ಗಿಟ್ ಇರುವ ಫೋಲ್ಡರ್‌ನ ಪಾತನ್ನು ಸೆಟ್ಟಿಂಗ್ಸ್‌ನಲ್ಲಿ ಕೊಡಬೇಕು. ಎರಡು ಗಿಟ್ ಇದ್ದರೆ ಇಬ್ಬರಿಗೂ ಸಿಸ್ಟಂ ಮಟ್ಟದ ಕಾನ್ಫಿಗ್ ಬೇರೆ ಬೇರೆ, ಏಕೆಂದರೆ ಆ ಫೈಲ್ ಗಿಟ್ ಇನ್‌ಸ್ಟಾಲ್ ಆದ ಜಾಗಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿ ಪಾತ್ ಏನಾದರೂ ಬರೆಯುವುದಿದ್ದರೆ ಗ್ಲೋಬಲ್‌ನಲ್ಲೇ ಬರೆಯಿರಿ.

ಜಿಯುಐ ಒಳಗೆ ನಡೆಯುವುದನ್ನು ಕಣ್ಣಾರೆ ನೋಡಬೇಕೆಂದರೆ ಎರಡು ವೇರಿಯಬಲ್‌ಗಳಿವೆ: ಗಿಟ್_ಟ್ರೇಸ್, ಗಿಟ್_ಟ್ರೇಸ್_ಸೆಟಪ್. ಇವುಗಳ ಬೆಲೆಯಾಗಿ ಒಂದು ಫೈಲ್‌ನ ಪೂರ್ತಿ ಪಾತ್ ಕೊಟ್ಟು, ಅದೇ ಟರ್ಮಿನಲ್‌ನಿಂದ ಜಿಯುಐ ಶುರು ಮಾಡಿ, ಆ ತೊಂದರೆಯ ಬಟನ್ ಒಂದು ಸಲ ಒತ್ತಿ, ಮುಚ್ಚಿ. ಫೈಲ್‌ನಲ್ಲಿ ಜಿಯುಐ ಯಾವ ಯಾವ ಗಿಟ್ ಕಮಾಂಡ್ ಓಡಿಸಿತು ಅಂತ ಸಾಲು ಸಾಲಾಗಿ ಬಂದಿರುತ್ತದೆ. ಸೆಟಪ್ ಸಾಲುಗಳಲ್ಲಿ .ಗಿಟ್ (ಗಿಟ್ ತನ್ನ ಲೆಕ್ಕ ಇಡುವ ಫೋಲ್ಡರ್) ಎಲ್ಲಿದೆ, ವರ್ಕ್‌ಟ್ರೀ (ನೀವು ಕೆಲಸ ಮಾಡುವ ಫೈಲ್‌ಗಳ ಫೋಲ್ಡರ್) ಯಾವುದು, ಆ ಕ್ಷಣಕ್ಕೆ ಯಾವ ಫೋಲ್ಡರ್‌ನಲ್ಲಿ ನಿಂತಿತ್ತು, ಎಲ್ಲ ಇರುತ್ತದೆ. ಲಾಗ್ ಪೂರ್ತಿ ಖಾಲಿ ಬಂದರೆ ಅದೂ ಒಂದು ಉತ್ತರವೇ. ಕೆಲವು ಜಿಯುಐಗಳು ಗಿಟ್ ಪ್ರೋಗ್ರಾಂ ಅನ್ನು ಕರೆಯದೆ ಲಿಬ್‌ಗಿಟ್2 ತರಹದ ಲೈಬ್ರರಿಯಿಂದ ತಾವೇ ಕೆಲಸ ಮಾಡುತ್ತವೆ, ಲಿಬ್‌ಗಿಟ್2 ತಾನಾಗಿ ಹುಕ್ ಓಡಿಸುವುದೇ ಇಲ್ಲ. ಅಂಥ ಕಡೆ ಹುಕ್ಸ್‌ಪಾತ್ ತಿದ್ದುತ್ತಾ ಕೂತರೆ ಗೋಡೆಗೆ ಮಾತಾಡಿದ ಹಾಗೆ.

ಓದುವವರ ರೂಲ್ಸ್

ಗಿಟ್ ಪಾತ್ ಅಂತ ಗುರುತಿಸುವ ಸೆಟ್ಟಿಂಗ್‌ಗಳಲ್ಲಿ, ಅಂದರೆ ಹುಕ್ಸ್‌ಪಾತ್, ಎಕ್ಸ್‌ಕ್ಲೂಡ್ಸ್‌ಫೈಲ್, ಕಮಿಟ್.ಟೆಂಪ್ಲೇಟ್ ಇಂಥವುಗಳಲ್ಲಿ, ಮೊದಲಿಗೇ ಬರುವ ~/ ಅನ್ನು ಗಿಟ್ ತಾನೇ ಬಿಡಿಸುತ್ತದೆ. ಆದರೆ $ಹೋಮ್ ಆಗಲಿ %ಯೂಸರ್‌ಪ್ರೊಫೈಲ್% ಆಗಲಿ ಬಿಡಿಸುವುದಿಲ್ಲ. ಟರ್ಮಿನಲ್‌ನಲ್ಲಿ $ಹೋಮ್ ಬರೆದು ಸೆಟ್ ಮಾಡಿದಾಗ ಕೆಲಸ ಆಗಿತ್ತಲ್ಲ ಅಂದರೆ, ಅಲ್ಲಿ ಗಿಟ್‌ಗೆ ತಲುಪುವ ಮುಂಚೆಯೇ ಶೆಲ್ ಅದನ್ನು ಬಿಡಿಸಿ ಪೂರ್ತಿ ಪಾತ್ ಕೊಟ್ಟಿತ್ತು. ಜಿಯುಐ ಬಾಕ್ಸ್‌ನಲ್ಲಿ ಮಧ್ಯೆ ಶೆಲ್ ಇಲ್ಲ.

ಎಡಿಟರ್, ಎಸ್‌ಎಸ್‌ಎಚ್ ಕಮಾಂಡ್, ಮರ್ಜ್ ಟೂಲ್‌ನ ಸಿಎಂಡಿ ಸಾಲು, ಇವು ತದ್ವಿರುದ್ಧ. ಇವನ್ನು ಗಿಟ್ ಶೆಲ್‌ಗೆ ಕೊಡುತ್ತದೆ. ಅಲ್ಲಿ $ಹೋಮ್ ನಡೆಯುತ್ತದೆ, ಆದರೆ ಸ್ಪೇಸ್ ಕಾಟ ಕೊಡುತ್ತದೆ. ಸಿ:/ಪ್ರೋಗ್ರಾಂ ಫೈಲ್ಸ್ ಅನ್ನುವ ಫೋಲ್ಡರ್‌ನ ಹೆಸರಲ್ಲೇ ಸ್ಪೇಸ್ ಇದೆಯಲ್ಲ, ಶೆಲ್ ಅಲ್ಲಿಗೇ ತುಂಡು ಮಾಡಿ "ಸಿ:/ಪ್ರೋಗ್ರಾಂ ಅನ್ನುವ ಕಮಾಂಡ್ ಸಿಗಲಿಲ್ಲ" ಅನ್ನುತ್ತದೆ. ದೋಷದ ಸಂದೇಶದಲ್ಲಿ ಪಾತ್ ಅರ್ಧಕ್ಕೇ ನಿಂತಿದ್ದರೆ ಶೆಲ್ ಓದಿದೆ ಅಂತ ಅರ್ಥ, ಬೆಲೆಯೊಳಗೆ ಆ ಪಾತ್ ಸುತ್ತ ಒಂಟಿ ಕೋಟ್ ಹಾಕಿ.

ಇನ್ನು ಬ್ಯಾಕ್‌ಸ್ಲ್ಯಾಶ್. ಇದು ವಿಂಡೋಸ್‌ನವರ ಕರ್ಮ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. .ಗಿಟ್‌ಕಾನ್ಫಿಗ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೀವೇ ಹೀಗೆ ಬರೆದಿರಿ ಅಂದುಕೊಳ್ಳಿ:

ಹುಕ್ಸ್‌ಪಾತ್ = ಸಿ:\ಟೂಲ್ಸ್\ನ್ಯೂಹುಕ್ಸ್

ಗಿಟ್ ಕಾನ್ಫಿಗ್ ಫೈಲ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಮುಂದೆ ಸಣ್ಣ ಟಿ (t) ಬಂದರೆ ಅದು ಟ್ಯಾಬ್, ಸಣ್ಣ ಎನ್ (n) ಬಂದರೆ ಹೊಸ ಸಾಲು. ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಬರೆದರೆ ಟೂಲ್ಸ್ ಆ ಟಿಯಿಂದ ಶುರು, ನ್ಯೂ ಎನ್‌ನಿಂದ ಶುರು. ಹಾಗಾಗಿ ಗಿಟ್ ಓದಿದ್ದು: ಸಿ, ಕೋಲನ್, ಒಂದು ಟ್ಯಾಬ್, ಊಲ್ಸ್, ಒಂದು ಹೊಸ ಸಾಲು, ಆಮೇಲೆ ಉಳಿದದ್ದು. ಆ ಹೆಸರಿನ ಫೋಲ್ಡರ್ ಪ್ರಪಂಚದಲ್ಲೇ ಇಲ್ಲ, ಹುಕ್ ಸಿಗುವುದಿಲ್ಲ, ಹುಕ್ ಇಲ್ಲದಿರುವುದು ಗಿಟ್ ಪಾಲಿಗೆ ತಪ್ಪೂ ಅಲ್ಲ, ಆದ್ದರಿಂದ ಒಂದು ಮಾತೂ ಆಡದೆ ಕಮಿಟ್ ಮಾಡಿ ಮುಗಿಸುತ್ತದೆ. ಅದೇ ನೀವು ಸಿ:\ಯೂಸರ್ಸ್ ಅಂತ ಬರೆದಿದ್ದರೆ ಬ್ಯಾಕ್‌ಸ್ಲ್ಯಾಶ್-ಯು ಅನ್ನುವುದಕ್ಕೆ ಅರ್ಥವೇ ಇಲ್ಲದ ಕಾರಣ, ಕಾನ್ಫಿಗ್ ಫೈಲ್‌ನ ಇಂತಿಷ್ಟನೇ ಸಾಲು ಕೆಟ್ಟಿದೆ ಅಂತ ಪ್ರತಿ ಗಿಟ್ ಕಮಾಂಡೂ ಕೂಗಾಡಿ ನಿಲ್ಲುತ್ತದೆ, ಜಿಯುಐನಲ್ಲಿ ಯಾವ ರೆಪೊವೂ ತೆರೆಯುವುದಿಲ್ಲ. ನೋಡಲು ಇದು ದೊಡ್ಡ ಅನಾಹುತ, ಆದರೆ ನನ್ನನ್ನು ಕೇಳಿದರೆ ಕೂಗಾಡುವ ದೋಷವೇ ಮೇಲು, ಐದು ನಿಮಿಷದಲ್ಲಿ ಸಿಗುತ್ತದೆ. ಮದ್ದು ಎರಡಕ್ಕೂ ಒಂದೇ, ಫಾರ್ವರ್ಡ್ ಸ್ಲ್ಯಾಶ್ (/) ಬಳಸಿ. ವಿಂಡೋಸ್‌ನಲ್ಲೂ ಗಿಟ್‌ಗೆ ಸಿ:/ಟೂಲ್ಸ್ ಚೆನ್ನಾಗಿ ಅರ್ಥವಾಗುತ್ತದೆ. ಗಿಟ್ ಕಾನ್ಫಿಗ್ ಕಮಾಂಡ್ ಮೂಲಕ ಸೆಟ್ ಮಾಡಿದರೆ ಬ್ಯಾಕ್‌ಸ್ಲ್ಯಾಶನ್ನು ಅದೇ ಜೋಡಿ ಮಾಡಿ ಬರೆದುಕೊಳ್ಳುತ್ತದೆ, ಕೈಯಲ್ಲಿ ತಿದ್ದಿದಾಗ ಮಾತ್ರ ಈ ಫಜೀತಿ.

ಗಿಟ್ ಬ್ಯಾಶ್‌ನಲ್ಲಿ ಕಾಣುವ /ಸಿ/ಯೂಸರ್ಸ್ ತರಹದ ಪಾತ್ ಕೂಡ ಹಾಗೇ. ಬ್ಯಾಶ್‌ನಲ್ಲಿ ಕಮಾಂಡ್ ಆಗಿ ಕೊಟ್ಟಾಗ ಅದು ಮಧ್ಯದಲ್ಲೇ ಸಿ:/ಯೂಸರ್ಸ್ ಆಗಿ ಬದಲಾಗುತ್ತದೆ. ಫೈಲ್‌ನಲ್ಲೋ ಜಿಯುಐ ಬಾಕ್ಸ್‌ನಲ್ಲೋ ಅದನ್ನೇ ಅಂಟಿಸಿದರೆ ಬದಲಿಸಲು ಯಾರೂ ಇಲ್ಲ.

ಅಂಟಿಸುವ ವಿಷಯ ಬಂತು, ಹೇಳಿಬಿಡುತ್ತೇನೆ. ವಿಂಡೋಸ್ ಎಕ್ಸ್‌ಪ್ಲೋರರ್‌ನ "ಕಾಪಿ ಆ್ಯಸ್ ಪಾತ್" ಆ ಪಾತ್ ಸುತ್ತ ಜೋಡಿ ಕೋಟ್ ಹಾಕಿ ಕೊಡುತ್ತದೆ. ಬಾಕ್ಸ್‌ಗೆ ಹಾಗೇ ಹಾಕಿದರೆ ಕೋಟ್ ಕೂಡ ಹೆಸರಿನ ಭಾಗ ಆಗಬಹುದು. ಪ್ರಾಪರ್ಟೀಸ್ ಕಿಟಕಿಯ ಸೆಕ್ಯುರಿಟಿ ಟ್ಯಾಬ್‌ನಿಂದ ಕಾಪಿ ಮಾಡಿದರೆ ಇನ್ನೂ ಮಜಾ, ಪಾತ್‌ನ ಮುಂದೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡು ಬರುತ್ತದೆ. ಎಷ್ಟು ಸಲ ನೋಡಿದರೂ ಪಾತ್ ಸರಿಯಾಗೇ ಕಾಣುತ್ತದೆ! ಗಿಟ್ ಬ್ಯಾಶ್‌ನಲ್ಲಿ ಗಿಟ್ ಕಾನ್ಫಿಗ್ ಕೊಡುವ ಬೆಲೆಯನ್ನು ಪೈಪ್ ಮಾಡಿ ಓಡಿ -ಸಿ ಗೆ ಕಳಿಸಿ ನೋಡಿ. ಮೊದಲಿಗೇ 342 200 252 ಅಂತ ಮೂರು ಅಂಕಿ ಕಂಡರೆ ಅದೇ ಕಳ್ಳ. ಬಾಕ್ಸ್ ಖಾಲಿ ಮಾಡಿ ಕೈಯಲ್ಲೇ ಟೈಪ್ ಮಾಡಿ.

ಅರ್ಧ ಪಾತ್ ಕೊಟ್ಟಾಗ ಎಲ್ಲಿಂದ ಎಣಿಸುತ್ತದೆ?

ಪೂರ್ತಿ ಪಾತ್ ಕೊಡದೆ ಟೂಲ್ಸ್/ಹುಕ್ಸ್ ಅಂತ ಅರ್ಧ ಕೊಡುವವರು ತುಂಬ ಜನ. ತಪ್ಪಲ್ಲ, ತಂಡದ ಎಲ್ಲರಿಗೂ ಒಂದೇ ಸೆಟ್ಟಿಂಗ್ ನಡೆಯಬೇಕು ಅಂದರೆ ಅದೇ ದಾರಿ. ಆದರೆ ಎಣಿಕೆ ಶುರುವಾಗುವ ಜಾಗ ಒಂದೊಂದಕ್ಕೆ ಒಂದೊಂದು. ಹುಕ್ಸ್‌ಪಾತ್ ಆದರೆ ಹುಕ್ ಓಡುವ ಫೋಲ್ಡರ್‌ನಿಂದ, ಅಂದರೆ ಸಾಮಾನ್ಯವಾಗಿ ವರ್ಕ್‌ಟ್ರೀಯ ತಲೆಯಿಂದ. ಇನ್‌ಕ್ಲೂಡ್.ಪಾತ್ (ಇನ್ನೊಂದು ಕಾನ್ಫಿಗ್ ಫೈಲನ್ನು ಸೇರಿಸುವ ಸೆಟ್ಟಿಂಗ್) ಆದರೆ ಆ ಸಾಲು ಬರೆದಿರುವ ಕಾನ್ಫಿಗ್ ಫೈಲ್ ಇರುವ ಫೋಲ್ಡರ್‌ನಿಂದ. ಕೋರ್.ವರ್ಕ್‌ಟ್ರೀ ಆದರೆ .ಗಿಟ್ ಫೋಲ್ಡರ್‌ನಿಂದ. ಜಿಯುಐ ತನ್ನದೇ ಸೆಟ್ಟಿಂಗ್ಸ್‌ನಲ್ಲಿ ಇಟ್ಟುಕೊಂಡಿದ್ದರೆ ಅದು ಎಲ್ಲಿ ನಿಂತು ಶುರುವಾಯಿತೋ ಅಲ್ಲಿಂದ ಎಣಿಸಿದರೂ ಎಣಿಸೀತು. ಒಂದು ರೆಪೊದಲ್ಲಿ ಸರಿ, ಇನ್ನೊಂದರಲ್ಲಿ ಇಲ್ಲ ಅಂದರೆ ಮೊದಲ ಅನುಮಾನ ಇದರ ಮೇಲೆ.

ಇನ್‌ಕ್ಲೂಡ್‌ಇಫ್ (ಷರತ್ತು ಹೊಂದಿದಾಗ ಮಾತ್ರ ಇನ್ನೊಂದು ಕಾನ್ಫಿಗ್ ಫೈಲ್ ಸೇರಿಸುವ ಸೆಟ್ಟಿಂಗ್) ಬಳಸಿ ಆಫೀಸ್ ರೆಪೊಗಳಿಗೆ ಒಂದು ಇಮೇಲ್, ಸ್ವಂತ ರೆಪೊಗಳಿಗೆ ಇನ್ನೊಂದು ಅಂತ ಮಾಡಿಕೊಂಡಿರುವವರಿಗೆ ಎರಡು ಗುಂಡಿ ಕಾದಿವೆ. ಗಿಟ್‌ಡಿರ್:~/ವರ್ಕ್ ಅಂತ ಬರೆದು ಕೊನೆಯ ಸ್ಲ್ಯಾಶ್ ಬಿಟ್ಟರೆ ಒಳಗಿನ ರೆಪೊಗಳಿಗೆ ಅದು ತಾಗುವುದಿಲ್ಲ, ಸ್ಲ್ಯಾಶ್ ಇದ್ದರೆ ಮಾತ್ರ ಒಳಗಿನದೆಲ್ಲ ಸೇರುತ್ತದೆ. ಎರಡನೆಯದು ಇನ್ನೂ ಮೋಸ. ಅದು ಹೋಲಿಸಿ ನೋಡುವುದು .ಗಿಟ್ ಇರುವ ಜಾಗವನ್ನು, ನೀವು ಕೆಲಸ ಮಾಡುವ ಫೋಲ್ಡರನ್ನಲ್ಲ. ಜಿಯುಐನಲ್ಲಿ "ನ್ಯೂ ವರ್ಕ್‌ಟ್ರೀ" ಒತ್ತಿ ಬೇರೆ ಕಡೆ ಫೋಲ್ಡರ್ ಮಾಡಿಕೊಂಡಿದ್ದರೆ ಅದರ ನಿಜವಾದ ಗಿಟ್ ಫೋಲ್ಡರ್ ಮೂಲ ರೆಪೊದ .ಗಿಟ್/ವರ್ಕ್‌ಟ್ರೀಸ್ ಒಳಗೇ ಇರುತ್ತದೆ, ಹಾಗಾಗಿ ಮೂಲ ರೆಪೊ ಎಲ್ಲಿದೆಯೋ ಅಲ್ಲಿನ ಇಮೇಲ್ ಬೀಳುತ್ತದೆ.

ಹೀಗೆ ಬೇರೆಯಾಗಿ ಮಾಡಿಕೊಂಡ ವರ್ಕ್‌ಟ್ರೀಗಳಲ್ಲಿ .ಗಿಟ್ ಅನ್ನುವುದು ಫೋಲ್ಡರೇ ಅಲ್ಲ, ಒಂದು ಸಾಲಿನ ಫೈಲ್. "ಗಿಟ್‌ಡಿರ್:" ಅಂತ ಬರೆದು ಮುಂದೆ ಮೂಲ ರೆಪೊದ ಪಾತ್ ಇರುತ್ತದೆ. ಮಾಮೂಲಾಗಿ ಅದು ಪೂರ್ತಿ ಪಾತ್. ಮೂಲ ಫೋಲ್ಡರನ್ನು ಬೇರೆ ಡ್ರೈವ್‌ಗೆ ಸರಿಸಿದಿರೋ, ವರ್ಕ್‌ಟ್ರೀ ತೆರೆದಾಗ "ಇದು ಗಿಟ್ ರೆಪೊ ಅಲ್ಲ" ಅನ್ನುತ್ತದೆ. ಹೊಸ ಜಾಗದ ಮೂಲ ರೆಪೊದಲ್ಲಿ ನಿಂತು ಗಿಟ್ ವರ್ಕ್‌ಟ್ರೀ ರಿಪೇರ್ ಓಡಿಸಿದರೆ ಸರಿಹೋಗುತ್ತದೆ. ವರ್ಕ್‌ಟ್ರೀ ಕೂಡ ಜಾಗ ಬದಲಿಸಿದ್ದರೆ ಅದರ ಹೊಸ ಪಾತನ್ನೂ ಕಮಾಂಡ್‌ನ ಕೊನೆಗೆ ಸೇರಿಸಿ.

ಪಾತ್ ಸರಿ, ಒಳಗೆ ಬಿಡುತ್ತಿಲ್ಲ

2022ರ ಏಪ್ರಿಲ್‌ನಲ್ಲಿ ಬಂದ ಗಿಟ್ 2.35.2ರಿಂದ ಈಚೆಗೆ, ಫೋಲ್ಡರ್‌ನ ಒಡೆಯ ನೀವಲ್ಲ ಅಂತ ಕಂಡರೆ ಗಿಟ್ ಆ ರೆಪೊವನ್ನು ಮುಟ್ಟುವುದಿಲ್ಲ. ಎಕ್ಸ್‌ಟರ್ನಲ್ ಡಿಸ್ಕ್, ನೆಟ್‌ವರ್ಕ್ ಫೋಲ್ಡರ್, ಅಡ್ಮಿನ್ ಆಗಿ ಕ್ಲೋನ್ ಮಾಡಿದ ರೆಪೊ, ಇಂಥ ಕಡೆ ಜಾಸ್ತಿ. ಟರ್ಮಿನಲ್‌ನಲ್ಲಾದರೆ ಒಡೆತನ ಅನುಮಾನಾಸ್ಪದ ಅಂತ ಸ್ಪಷ್ಟವಾಗಿ ಹೇಳಿ, ಯಾವ ಕಮಾಂಡ್ ಓಡಿಸಬೇಕು ಅಂತಲೂ ಕೊಡುತ್ತದೆ. ಕೆಲವು ಜಿಯುಐಗಳು ಇದನ್ನು ನುಂಗಿಕೊಂಡು "ಫೋಲ್ಡರ್ ಸಿಗಲಿಲ್ಲ" ಅಂತ ಮಾತ್ರ ಹೇಳುತ್ತವೆ. ಸಂದೇಶದಲ್ಲಿ ಗಿಟ್ ಬರೆದಿರುವ ಪಾತನ್ನು ಅಕ್ಷರಕ್ಕೆ ಅಕ್ಷರ ಹಾಗೇ ಎತ್ತಿ ಗ್ಲೋಬಲ್ ಕಾನ್ಫಿಗ್‌ನ ಸೇಫ್.ಡೈರೆಕ್ಟರಿಗೆ ಸೇರಿಸಿ. ಜಿಯುಐ "ಈ ರೆಪೊಗೆ ಮಾತ್ರ" ಅನ್ನುವ ಆಯ್ಕೆ ಕೊಟ್ಟರೂ ಅದನ್ನು ಒತ್ತಬೇಡಿ, ರೆಪೊದೊಳಗಿನ ಕಾನ್ಫಿಗ್‌ನಲ್ಲಿ ಬರೆದ ಸೇಫ್.ಡೈರೆಕ್ಟರಿಯನ್ನು ಗಿಟ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅನುಮಾನದ ರೆಪೊ ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಂಡರೆ ಹೇಗೆ, ಅಲ್ವಾ? ಪಾತ್‌ನ ಜಾಗದಲ್ಲಿ ಬರೀ ನಕ್ಷತ್ರ ಚಿಹ್ನೆ (*) ಹಾಕಿ ಎಲ್ಲ ಫೋಲ್ಡರ್‌ಗೂ ಬಾಗಿಲು ತೆರೆಯುವ ಸಲಹೆ ತುಂಬ ಕಡೆ ಸಿಗುತ್ತದೆ. ನಾನಂತೂ ಹಾಕುವುದಿಲ್ಲ.

ವಿಂಡೋಸ್‌ನಲ್ಲಿ ಆಳವಾದ ಫೋಲ್ಡರ್‌ಗಳಿದ್ದರೆ 260 ಅಕ್ಷರದ ಮಿತಿಯೂ ಅಡ್ಡ ಬರುತ್ತದೆ, ಕೋರ್.ಲಾಂಗ್‌ಪಾತ್ಸ್ ಅನ್ನು ಟ್ರೂ ಮಾಡಿ. ಇನ್ನು ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್‌ಗಳು ಲಾಗ್‌ನಲ್ಲಿ \340\262\225 ಅಂತ ಅಂಕಿಗಳ ಸರಮಾಲೆಯಾಗಿ ಕಂಡರೆ ಗಾಬರಿ ಬೇಡ, ಏನೂ ಕೆಟ್ಟಿಲ್ಲ. ಆ ಮೂರು ಅಂಕಿ ಸೇರಿದರೆ "ಕ" ಅಷ್ಟೇ. ಕೋರ್.ಕೋಟ್‌ಪಾತ್ ಅನ್ನು ಫಾಲ್ಸ್ ಮಾಡಿದರೆ ಕನ್ನಡ ಕನ್ನಡವಾಗೇ ಕಾಣುತ್ತದೆ.

ನೀವೇ ಜಿಯುಐ ಬರೆಯುವವರಾದರೆ

ಬಾಕ್ಸ್‌ನ ಕೆಳಗೆ, ಬಿಡಿಸಿದ ಮೇಲಿನ ಪೂರ್ತಿ ಪಾತನ್ನು ಸಣ್ಣ ಅಕ್ಷರದಲ್ಲಿ ತೋರಿಸಿ. ಯಾವ ಕಾನ್ಫಿಗ್ ಫೈಲ್‌ನಿಂದ ಬಂತು ಅಂತಲೂ ಪಕ್ಕದಲ್ಲಿ ಹಾಕಿ. ಮೇಲೆ ಹೇಳಿದ ತಾಪತ್ರಯದಲ್ಲಿ ಮುಕ್ಕಾಲು ಪಾಲು ಅಲ್ಲೇ ಕಣ್ಣಿಗೆ ಬೀಳುತ್ತದೆ. ಟಿಲ್ಡೆಯನ್ನು ನೀವೇ ಬಿಡಿಸಲು ಹೋಗಬೇಡಿ, ಗಿಟ್ ಕಾನ್ಫಿಗ್‌ಗೆ --ಟೈಪ್=ಪಾತ್ ಅಂತ ಕೊಟ್ಟು ಕೇಳಿದರೆ ಗಿಟ್ ಬಿಡಿಸಿಯೇ ಕೊಡುತ್ತದೆ. ಫೋಲ್ಡರ್ ಇಲ್ಲ ಅಂದರೆ ಇಲ್ಲ ಅಂತ ಹೇಳಿ, ಕೇಳದೆ ಹೊಸದು ಮಾಡಬೇಡಿ. .ಗಿಟ್/ಹುಕ್ಸ್ ಅಂತ ಕೋಡ್‌ನಲ್ಲಿ ಗಟ್ಟಿಯಾಗಿ ಬರೆದಿದ್ದರೆ ಇವತ್ತೇ ತೆಗೆಯಿರಿ. ಹುಕ್ಸ್‌ಪಾತ್ ಬದಲಿಸಿದವರಲ್ಲಿ ಅದು ತಪ್ಪು ಫೋಲ್ಡರ್. ಬೇರೆಯಾಗಿ ಮಾಡಿಕೊಂಡ ವರ್ಕ್‌ಟ್ರೀ, ಸಬ್‌ಮಾಡ್ಯೂಲ್‌ಗಳಲ್ಲಿ (ರೆಪೊದೊಳಗೆ ಸೇರಿಸಿದ ಇನ್ನೊಂದು ರೆಪೊ) .ಗಿಟ್ ಒಂದು ಫೈಲ್, ಅದರೊಳಗೆ ಹುಕ್ಸ್ ಹುಡುಕಿದರೆ ಸಿಗುವುದಾದರೂ ಹೇಗೆ? ರೆವ್-ಪಾರ್ಸ್ --ಗಿಟ್-ಪಾತ್ ಹುಕ್ಸ್ ಎರಡೂ ಕಡೆ ಸರಿಯಾದ ಜಾಗ ಹೇಳುತ್ತದೆ. ಅದು ಕೊಡುವ ಉತ್ತರವೂ ಕೆಲವೊಮ್ಮೆ ಅರ್ಧ ಪಾತ್ ಆಗಿರುತ್ತದೆ, ಕಮಾಂಡ್ ಓಡಿಸಿದ ಫೋಲ್ಡರ್‌ನಿಂದಲೇ ಎಣಿಸಿಕೊಳ್ಳಿ.